ಹಳೆ ವ್ಯಾನಿನಿಂದ ಕ್ಯಾಂಪರ್: ಮೊದಲು ಕಾಟಾ, ಆಮೇಲೆ ವೆಲ್ಡಿಂಗ್

ಹಳೆ ವ್ಯಾನು ಕೊಂಡ ವಾರದಲ್ಲೇ ಅದನ್ನು ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ತುಂಬ ಇಂಧನ ಹಾಕಿಸಿ, ಗಾಡಿ ತೂಗುವ ಹತ್ತಿರದ ಕಾಟಾಕ್ಕೆ ಒಯ್ಯಿರಿ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕಡೆ ಕಾಟಾ ಹುಡುಕಿಕೊಂಡು ಅಲೆಯಬೇಕಿಲ್ಲ. ಕಬ್ಬು ಇದ್ದಲ್ಲಿ ಕಾಟಾವೂ ಇರುತ್ತದೆ. ಕಾರ್ಖಾನೆಗಳು ನುರಿಸುವ ತಿಂಗಳುಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಉದ್ದವಿರುತ್ತದೆ, ಆಗ ನಸುಕಿನಲ್ಲಿ ಹೋಗಿ. ಮೊದಲು ಇಡೀ ಗಾಡಿ ತೂಗಿಸಿ; ಆಮೇಲೆ ಮುಂದಿನ ಗಾಲಿಗಳನ್ನು ಮಾತ್ರ ಪ್ಲೇಟಿನ ಮೇಲೆ ನಿಲ್ಲಿಸಿ; ಕೊನೆಗೆ ಹಿಂದಿನವನ್ನು ಮಾತ್ರ. ಮೂರು ಚೀಟಿ ಸಿಗುತ್ತವೆ. ಗಾಡಿಯ ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಗರಿಷ್ಠ ತೂಕ ಎರಡೂ ಬರೆದಿರುತ್ತವೆ. ಗರಿಷ್ಠ ತೂಕದಿಂದ ನಿಮ್ಮ ಚೀಟಿಯ ತೂಕ ಕಳೆದರೆ ಉಳಿಯುವ ಕಿಲೋಗಳಲ್ಲೇ ಮಂಚ, ನೀರು, ಬ್ಯಾಟರಿ, ಗ್ಯಾಸು, ಸಾಮಾನು, ನೀವು ಮತ್ತು ನಿಮ್ಮವರು ಎಲ್ಲರೂ ಹಿಡಿಸಬೇಕು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಆಫ್‌ರೋಡ್ ಕ್ಯಾಂಪರ್ ಎಂದೊಡನೆ ನಮ್ಮ ಹುಡುಗರ ಕಣ್ಣ ಮುಂದೆ ಬರುವುದು ಎತ್ತರಿಸಿದ ಬಾಡಿ, ದಪ್ಪ ಟೈರು, ಛಾವಣಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಸ್ಟೆಪ್ನಿ, ಮುಂದೆ ಸಾಲು ಲೈಟು. ಇವೆಲ್ಲ ಗಾಡಿಯ ತೂಕ ಏರಿಸುತ್ತವೆ, ಅದನ್ನೂ ಮೇಲಕ್ಕೇ ಏರಿಸುತ್ತವೆ. ಈ ಐದು ತಾಲ್ಲೂಕುಗಳಲ್ಲಿ ಬಂಡೆ ಹತ್ತುವ ದಾರಿ ಅಪರೂಪ. ಇಲ್ಲಿ ಗಾಡಿಯನ್ನು ಕಾಡುವುದು ಮಳೆಗಾಲದ ಎರೆ ಮಣ್ಣು, ಕಬ್ಬಿನ ಟ್ರೇಲರುಗಳು ಕೊರೆದ ಚಕ್ಕಡಿ ದಾರಿ, ನದಿಪಾತ್ರದ ತಗ್ಗು ಸೇತುವೆಗಳು ಮತ್ತು ಏಪ್ರಿಲ್‌–ಮೇ ತಿಂಗಳ ಬಿಸಿಲು. ಈ ನಾಲ್ಕಕ್ಕೂ ಹಗುರಾದ, ತೂಕವೆಲ್ಲ ತಳದಲ್ಲಿರುವ ಗಾಡಿಯೇ ಗಟ್ಟಿ.

ಯಾವ ಗಾಡಿ, ಎಲ್ಲಿಂದ

ಈ ಭಾಗದ ರಸ್ತೆಯಲ್ಲಿ ನಿಂತು ನೋಡಿದರೆ ಉತ್ತರ ಅರ್ಧ ಸಿಕ್ಕಂತೆ. ಜನರನ್ನು ಹೊತ್ತು ಓಡುವ ಫೋರ್ಸ್ ಕ್ರೂಸರ್ ಗಟ್ಟಿ ಚಾಸಿಯ ಮೇಲೆ ಬಾಡಿ ಕೂರಿಸಿದ, ಹಿಂದಿನ ಗಾಲಿಗೆ ಶಕ್ತಿ ಹೋಗುವ ಗಾಡಿ. ಇದರ ರಿಪೇರಿ ಗೊತ್ತಿಲ್ಲದ ಮಿಸ್ತ್ರಿ ಈ ಕಡೆ ಸಿಗುವುದು ಕಷ್ಟ. ಕ್ಯಾಂಪರಿಗೆ ಇದು ಅಶ್ವಶಕ್ತಿಗಿಂತ ದೊಡ್ಡ ಗುಣ. ಒಳಗೆ ನಿಲ್ಲಲು ಆಗದು, ಅಷ್ಟೆ. ಅದೇ ಕಂಪನಿಯ ಟ್ರಾವೆಲರ್ ಕೂಡ ಹಿಂದಿನ ಗಾಲಿಯದೇ. ಅದರ ಸರಕಿನ ವ್ಯಾನಿನಲ್ಲಿ ಕಿಟಕಿ ಇರದ ಗೋಡೆ ಸಿಗುವುದರಿಂದ ಕಪಾಟು ಕೂರಿಸುವುದು ಸುಲಭ. ಚಿಕ್ಕ ವೀಲ್‌ಬೇಸಿನ ಟ್ರಾವೆಲರ್ ಹಳ್ಳಿದಾರಿಯಲ್ಲಿ ತಿರುಗುತ್ತದೆ, 4020 ಮಿ.ಮೀ. ವೀಲ್‌ಬೇಸಿನದು ಕಬ್ಬಿನ ಗದ್ದೆಯ ಮೂಲೆಯಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೆ ತೆಗೆಯಲು ಅರ್ಧ ಊರು ಬೇಕು.

2007ರಲ್ಲಿ ಬಂದ ಟಾಟಾ ವಿಂಗರ್ ಮುಂದಿನ ಗಾಲಿಯಿಂದ ಎಳೆಯುವ ಗಾಡಿ. ಹೆದ್ದಾರಿಯಲ್ಲಿ ಸುಖ. ಆದರೆ ಹಿಂಭಾಗಕ್ಕೆ ಮಂಚ, ನೀರು ತುಂಬಿದಷ್ಟೂ ಮುಂದಿನ ಗಾಲಿಯ ಹಿಡಿತ ಸಡಿಲವಾಗುತ್ತದೆ. ಒದ್ದೆ ಏರಿನಲ್ಲಿ ಗಾಲಿ ಸುಮ್ಮನೆ ಸುತ್ತುತ್ತದೆ. ಮಾರುತಿಯ 796 ಸಿಸಿ ಓಮ್ನಿ 2019ರಲ್ಲಿ ನಿಂತುಹೋಯಿತು. ಅದೇ ಕಂಪನಿಯ ಇಕೋ ಹಿಂದಿನ ಗಾಲಿಯದು, ಹಗುರ, ಒಬ್ಬರಿಗೆ ಅಥವಾ ಗಂಡಹೆಂಡಿರಿಬ್ಬರಿಗೆ ಸಾಕು. ಅದಕ್ಕೆ ಎರಡು ಮನೆಯ ಸಾಮಾನು ತುಂಬುವ ಆಸೆ ಬೇಡ. ವ್ಯಾನಿಗೆ ಫೋರ್ ವೀಲ್ ಡ್ರೈವ್ ಕೂರಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅದು ಬೇಕೇ ಬೇಕೆನ್ನುವವರು ಫೋರ್ಸ್ ಕಂಪನಿಯದೇ ಗೂರ್ಖಾ ಕೊಳ್ಳುವುದು ಅಗ್ಗ.

ಗಾಡಿ ಹುಡುಕುವವರ ಕಾಲು ಸಹಜವಾಗಿ ಮಹಾರಾಷ್ಟ್ರದ ಗಡಿ ದಾಟುತ್ತದೆ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಕಾಗವಾಡದವರಿಗೆ ಮೀರಜ್ ಪಕ್ಕದ ಊರು. 1894ರಲ್ಲಿ ಶುರುವಾದ ವಾನ್ಲೆಸ್ ಆಸ್ಪತ್ರೆಯ ಕಾಲದಿಂದಲೂ ಮೀರಜ್ ಆಸ್ಪತ್ರೆಗಳ ಊರು. ಕೆಲಸ ಮುಗಿಸಿದ ಆಂಬುಲೆನ್ಸು ಮಾರಾಟಕ್ಕೆ ಬಂದರೆ ಒಮ್ಮೆ ನೋಡಿ. ಒಳಗಿನ ಗೋಡೆ ತೊಳೆಯುವಂಥದ್ದು, ವೈರಿಂಗ್ ದಾರಿ ಆಗಲೇ ಇರುತ್ತದೆ. ಆದರೆ ಎಂಜಿನ್ ಗಂಟೆಗಟ್ಟಲೆ ನಿಂತಲ್ಲೇ ಓಡಿರಬಹುದು, ಅದು ಮೀಟರಿನ ಕಿಲೋಮೀಟರಿನಲ್ಲಿ ಕಾಣುವುದಿಲ್ಲ.

ಕೃಷ್ಣೆ, ಪಂಚಗಂಗೆ, ದೂಧಗಂಗೆ, ವೇದಗಂಗೆಯ ದಂಡೆಯಲ್ಲಿ ಹಳೆ ಗಾಡಿ ಕೊಳ್ಳುವವರು ಇನ್ನೊಂದು ಪರೀಕ್ಷೆ ಬಿಡಲೇಬಾರದು: ಗಾಡಿ ನೀರಲ್ಲಿ ನಿಂತಿತ್ತೇ? 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ಕೊಲ್ಲಾಪುರ, ಸಾಂಗಲಿ ಊರೊಳಗೇ ನೀರು ನುಗ್ಗಿತ್ತು, ಹೆದ್ದಾರಿಯೇ ಬಂದ್ ಆಗಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ಗಾಡಿಯ ಚರಿತ್ರೆ ಅಲ್ಲೇ ಇದೆ. ನೆಲಹಾಸು ಎತ್ತಿ, ಸೀಟಿನ ಬೋಲ್ಟುಗಳ ತುಕ್ಕು ನೋಡಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಜೋಡಣೆಗಳಲ್ಲಿ ಒಣ ರೇವೆ ಇದೆಯೇ ಮುಟ್ಟಿ ನೋಡಿ. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ ಇದನ್ನು ತಡೆದುಕೊಳ್ಳಬಹುದು, ಇಸಿಯು ಇರುವ ಕಾಮನ್ ರೈಲ್ ಎಂಜಿನ್ ತಡೆದುಕೊಳ್ಳದು. ಮಾರುವ ಮುಂಚೆ ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಚಿಕ್ಕ ಸುತ್ತಿಗೆಯಿಂದ ಚಾಸಿ ತಟ್ಟುತ್ತ ಹೋಗಿ. ಒಳ್ಳೆ ಲೋಹ ಗಣಗಣ ಅನ್ನುತ್ತದೆ, ತುಕ್ಕು ಬೊದ್ದು ದನಿ ಕೊಡುತ್ತದೆ.

ಆರ್‌ಟಿಒ ಬಾಗಿಲು ದಾಟದೆ ಡ್ರಿಲ್ ಹಿಡಿಯಬೇಡಿ

ಈ ಭಾಗ ಓದಲು ಬೇಸರ, ಬಿಟ್ಟರೆ ದುಬಾರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ಹೇಳುತ್ತದೆ. ಅನುಮತಿ ಪಡೆದು ಬದಲಿಸಿದರೆ 14 ದಿನಗಳೊಳಗೆ ಆರ್‌ಸಿ ಸಮೇತ ವರದಿ ಮಾಡಬೇಕು.

ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್, ಮೋಟಾರ್ ಕ್ಯಾರವಾನ್ ಎಂಬ ವರ್ಗಗಳೇನೋ ಇವೆ. ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡವೂ ಇದೆ, ಪುಣೆಯ ಎಆರ್‌ಎಐಯಂಥ ಸಂಸ್ಥೆ ಪರೀಕ್ಷಿಸುವುದೂ ಇದೆ. ಕಂಪನಿಗಳಿಗೆ ಅದು ಸರಿ. ಒಂದೇ ಒಂದು ಹಳೆ ವ್ಯಾನಿಟ್ಟುಕೊಂಡವರು ಚಿಕ್ಕೋಡಿಯ ಕೆಎ-23 ಕಚೇರಿಯಂಥ ತಮ್ಮ ನೋಂದಣಿ ಕಚೇರಿಗೆ ಗಾಡಿಯ ಫೋಟೊ, ಕೈಯಲ್ಲಿ ಬರೆದ ನಕ್ಷೆ, ಸೀಟುಗಳ ಲೆಕ್ಕ ಹಿಡಿದು ಹೋಗಿ, ಏನು ಮಾಡಬಹುದು ಎಂಬುದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಏಜೆಂಟರ ಬಾಯಿಮಾತು ಹೆದ್ದಾರಿಯ ತಪಾಸಣೆಯಲ್ಲಿ ನಡೆಯುವುದಿಲ್ಲ.

ಹಳದಿ ಬೋರ್ಡಿನ ಸರಕು ಗಾಡಿಯಾದರೆ ಪರ್ಮಿಟ್ ಒಪ್ಪಿಸಿ, ಬಾಕಿ ತೆರಿಗೆ, ಚಲನ್ ತೀರಿಸಿ ಖಾಸಗಿ ವರ್ಗಕ್ಕೆ ಬದಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಿಂದಿನ ಸರಕಿನ ಜಾಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವಂತಿಲ್ಲ. ಆಮೇಲೂ ಅಷ್ಟೆ: ಓಡುವ ಗಾಡಿಯಲ್ಲಿ ಕೂರುವುದು ಬೆಲ್ಟ್ ಇರುವ, ಮುಂದೆ ನೋಡುವ ಸೀಟಿನಲ್ಲಿ ಮಾತ್ರ; ಮಂಚ ಗಾಡಿ ನಿಂತ ಮೇಲೆ. ಕೊಲ್ಲಾಪುರದ ಎಂಎಚ್-09 ಅಥವಾ ಸಾಂಗಲಿಯ ಎಂಎಚ್-10ರ ಗಾಡಿ ತಂದವರು ಅಲ್ಲಿನ ಕಚೇರಿಯಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವಕ್ಕೆ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನಿಂದ 35 ಪಡೆಯಬೇಕು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಹೊಸ ನಂಬರು ಕಡ್ಡಾಯ, ಕರ್ನಾಟಕದ ತೆರಿಗೆಯೂ ಕಟ್ಟಬೇಕು. ಕೊಲ್ಲಾಪುರದಲ್ಲಿ ಅಗ್ಗ ಎನಿಸಿದ ಗಾಡಿಯ ಬೆಲೆಗೆ ಈ ತೆರಿಗೆ ಕೂಡಿಸಿ ಆಮೇಲೆ ಚೌಕಾಸಿಗೆ ಇಳಿಯಿರಿ. ಯಾವ ಬದಲಾವಣೆಯನ್ನೂ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ. ಇಲ್ಲವಾದರೆ ಅಪಘಾತದ ದಿನ ಅವರಿಗೆ ನೆಪ ಸಿಗುತ್ತದೆ. ಮುಂದಿನ ಕಬ್ಬಿಣದ ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಕಪ್ಪು ಫಿಲ್ಮ್ 2012ರಿಂದ ನಿಷಿದ್ಧ. ಮಲಗುವಾಗ ಕಿಟಕಿಗೆ ಒತ್ತಿಡುವ ಮಡಚುವ ಪರದೆ ಸಾಕು.

ನನ್ನ ಸಲಹೆ: ಒಳಗಿನ ಸಾಮಾನನ್ನು ಕಳಚಿಡಬಹುದಾದ ಪೆಟ್ಟಿಗೆಗಳಾಗಿ ಮಾಡಿಸಿ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವಾಗನ್ ವ್ಯಾನಿಗೆ ಮಾಡಿದ್ದು ಇದನ್ನೇ: ವಾರವಿಡೀ ದುಡಿಯುವ ಗಾಡಿ, ರಜೆಗೆ ಪೆಟ್ಟಿಗೆ ಇಟ್ಟುಕೊಂಡರೆ ಮಲಗುವ ಗಾಡಿ. ನಿಪ್ಪಾಣಿಯ ವ್ಯಾಪಾರಿಗೂ ಅಥಣಿಯ ದ್ರಾಕ್ಷಿ ಬೆಳೆಗಾರನಿಗೂ ಗಾಡಿ ವಾರದ ಆರು ದಿನ ಬೇಕಲ್ಲ! ಆದರೆ ಪೆಟ್ಟಿಗೆಯನ್ನು ನೆಲದ ಹುಕ್ಕುಗಳಿಗೆ ಬಿಗಿದ ರ್ಯಾಚೆಟ್ ಬೆಲ್ಟಿಲ್ಲದೆ ಒಂದು ಅಡಿಯೂ ಓಡಿಸಬೇಡಿ. ಬ್ರೇಕ್ ಒತ್ತಿದ ಕ್ಷಣ ಅದು ಚಾಲಕನ ಬೆನ್ನಿಗೇ ಬರುತ್ತದೆ.

ಕಿಲೋಗಳ ಲೆಕ್ಕ

ಈಗ ಮತ್ತೆ ಕಾಟಾದ ಚೀಟಿಗೆ. ಇಬ್ಬರ ತೂಕ 140 ಕಿಲೋ ಅನ್ನಿ. ನೀರು 60 ಲೀಟರ್ ಅಂದರೆ 60 ಕಿಲೋ. ಮಂಚ, ಕಪಾಟು 120. ಬ್ಯಾಟರಿ, ಸೋಲಾರ್, ವೈರು 40. ಫ್ರಿಜ್, ಒಲೆ, ಪಾತ್ರೆ 50. ಬಟ್ಟೆಬರೆ, ಹಾಸಿಗೆ 60. ಸ್ಟೆಪ್ನಿಯ ಹೊರತಾಗಿ ಉಪಕರಣ, ಹಗ್ಗ, ಗುದ್ದಲಿ 40. ಕೈಬಿಗಿ ಹಿಡಿದೂ 510 ಕಿಲೋ ಆಯಿತು. ದೊಡ್ಡ ಟ್ರಾವೆಲರಿಗೆ ಇದು ಹಗುರ. ಇಕೋದಂಥ ಚಿಕ್ಕ ವ್ಯಾನಿನಲ್ಲಿ ಚೀಟಿ ನೋಡಿ ಕೆಲವನ್ನು ಮನೆಯಲ್ಲೇ ಬಿಡಬೇಕಾದೀತು.

ತೂಕ ಬೆಳೆಯುವುದು ಬಡಗಿಯ ಅಂಗಡಿಯಲ್ಲಿ. ನಮ್ಮ ಬಡಗಿಗಳು ಮನೆಯ ವಾರ್ಡ್‌ರೋಬ್ ಮಾಡುವ ಹಾಗೆಯೇ 18 ಮಿ.ಮೀ. ಪ್ಲೈ ಹಾಕುತ್ತಾರೆ. ಎಂಟಡಿ ನಾಲ್ಕಡಿಯ ಅಂಥ ಒಂದು ಹಾಳೆ ಸುಮಾರು 35 ಕಿಲೋ, 12 ಮಿ.ಮೀ. ಆದರೆ 23ರ ಆಸುಪಾಸು. ಮಂಚದ ಹಲಗೆಗೆ 12, ಬಾಗಿಲಿಗೆ 6 ಸಾಕು. ನೀರು ತಡೆಯುವ ಐಎಸ್ 710 ಗುರುತಿನದ್ದೇ ಕೇಳಿ, ಕತ್ತರಿಸಿದ ಅಂಚಿಗೆಲ್ಲ ಸೀಲರ್ ಹಚ್ಚಿಸಿ. ವೆಲ್ಡಿಂಗಿನವರ ಕಥೆಯೂ ಅದೇ. ಈ ಭಾಗದ ಫ್ಯಾಬ್ರಿಕೇಟರುಗಳ ಕೈ ಕಬ್ಬಿನ ಟ್ರೇಲರ್ ಕಟ್ಟಿ ಪಳಗಿದ್ದು. ಹೇಳದೆ ಬಿಟ್ಟರೆ ಹತ್ತು ಟನ್ ಹೊರುವ ಮಂಚ ಮಾಡಿಕೊಡುತ್ತಾರೆ. 25 ಮಿ.ಮೀ. ಚೌಕದ, 2 ಮಿ.ಮೀ. ಗೋಡೆಯ ಕೊಳವೆ ಎಂದು ಕಾಗದದಲ್ಲಿ ಬರೆದು ಕೊಡಿ.

ಭಾರವಾದದ್ದೆಲ್ಲ ತಳಕ್ಕೆ, ಎರಡು ಅಚ್ಚುಗಳ ನಡುವೆ. ಹಿಂದಿನ ಗಾಲಿ ತಳ್ಳುವ ಗಾಡಿಯಲ್ಲಿ ನೀರು ಮತ್ತು ಬ್ಯಾಟರಿಯನ್ನು ಹಿಂದಿನ ಅಚ್ಚಿನ ತುಸು ಮುಂದೆ ಇಟ್ಟರೆ ಕೆಸರಿನಲ್ಲಿ ಗಾಲಿಗೆ ಹಿಡಿತವೂ ಸಿಗುತ್ತದೆ. ವಿಂಗರಿನಲ್ಲಿ ಇದನ್ನು ತಿರುಗಿಸಿ, ಚಾಲಕನ ಸೀಟಿನ ಬೆನ್ನಿಗೇ ಇಡಿ. ಛಾವಣಿಗೆ ಸೋಲಾರ್ ಹಾಳೆ ಬಿಟ್ಟು ಬೇರೇನೂ ಬೇಡ.

ತಳ, ಟೈರು, ಎರೆ ಮಣ್ಣು

ನಿಪ್ಪಾಣಿ, ಚಿಕ್ಕೋಡಿಯ ಗುಡ್ಡದ ಮಗ್ಗುಲಿನ ಗರಸು ಮಣ್ಣು ಮಳೆ ನಿಂತ ಸ್ವಲ್ಪ ಹೊತ್ತಿಗೆ ಗಾಡಿ ಹೊರುತ್ತದೆ. ಅಥಣಿ, ರಾಯಬಾಗ, ಕಾಗವಾಡದ ಎರೆ ಹಾಗಲ್ಲ. ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಿಡಿಯುತ್ತದೆ, ಕೊನೆಗೆ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಇಲ್ಲಿ ಗಾಲಿ ಮತ್ತು ಬಾಡಿಯ ನಡುವಿನ ಸಂದು ನೆಲದಿಂದ ಎತ್ತರದಷ್ಟೇ ಮುಖ್ಯ. ದೊಡ್ಡ ಟೈರು ತುರುಕಿ ಆ ಸಂದು ಮುಚ್ಚಿದವರು ಎರೆಯಲ್ಲಿ ಮೊದಲು ನಿಲ್ಲುತ್ತಾರೆ. ಕಂಪನಿ ಹೇಳಿದ ಅಳತೆಯಲ್ಲೇ, ಅಷ್ಟೇ ಅಥವಾ ಹೆಚ್ಚಿನ ಲೋಡ್ ಇಂಡೆಕ್ಸಿನ ಆಲ್ ಟೆರೇನ್ ಟೈರು ಹಾಕಿ. ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು ಮೂರನೇ ಒಂದು ಭಾಗ ಇಳಿಸಿ, ನಿಧಾನ ಓಡಿಸಿ, ಡಾಂಬರು ಸಿಕ್ಕೊಡನೆ 12 ವೋಲ್ಟ್ ಕಂಪ್ರೆಸರಿನಿಂದ ಮತ್ತೆ ತುಂಬಿ. ಇಳಿಸಿದ ಗಾಳಿಯಲ್ಲಿ ಹೆದ್ದಾರಿ ಓಡಿಸಿದರೆ ಟೈರು ಕಾದು ಸೀಳುತ್ತದೆ.

ಮಳೆ ಬಿದ್ದ ದಿನ ಎರೆ ಹೊಲದ ದಾರಿಗೆ ಇಳಿಯದಿರುವುದು ಇವೆಲ್ಲಕ್ಕಿಂತ ಅಗ್ಗದ ಉಪಾಯ. ಒಂದು ದಿನದ ಬಿಸಿಲು ಬಿದ್ದರೆ ದಾರಿ ತಾನೇ ಗಟ್ಟಿಯಾಗುತ್ತದೆ.

ಎತ್ತರಿಸುವ ಆಸೆಯವರು ಗಮನಿಸಿ: ಸೋತ ಪಾಟಾಗಳನ್ನು (ಲೀಫ್ ಸ್ಪ್ರಿಂಗ್) ಬದಲಿಸಿದರೆ ಹಳೆ ಗಾಡಿ ತನ್ನ ಮೂಲ ಎತ್ತರಕ್ಕೆ ಬರುತ್ತದೆ, ಬಹಳ ಸಲ ಅಷ್ಟೇ ಸಾಕು. ಅದಕ್ಕೂ ಮೇಲೆ ಬ್ಲಾಕ್ ಇಟ್ಟು ಎತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಕ್ರಾಸ್‌ಗಳು ಸವೆಯುತ್ತವೆ, ಗಾಡಿ ತಿರುವಿನಲ್ಲಿ ವಾಲುತ್ತದೆ. ಎಂಜಿನ್ ತಳಕ್ಕೆ ರಕ್ಷಣೆಯ ಪ್ಲೇಟ್ ಬೇಕು. ಒಂದು ಮೀಟರ್ ಉದ್ದ, 60 ಸೆಂ.ಮೀ. ಅಗಲದ 3 ಮಿ.ಮೀ. ಉಕ್ಕು 14 ಕಿಲೋ, 5 ಮಿ.ಮೀ. ಅಲ್ಯುಮಿನಿಯಂ 8 ಕಿಲೋ. ಎಣ್ಣೆ ಬದಲಿಸಲು ಕಿಂಡಿ, ಕೆಸರು ತೊಳೆಯಲು ತೂತು ಬಿಡಿಸಿಕೊಳ್ಳಿ.

ವಿಂಚ್ ಬೇಡ. ಈ ಐದು ತಾಲ್ಲೂಕಿನಲ್ಲಿ ಎಲ್ಲಿ ಸಿಕ್ಕಿಕೊಂಡರೂ ಕೂಗಳತೆಯಲ್ಲಿ ಒಂದು ಟ್ರ್ಯಾಕ್ಟರ್ ಇರುತ್ತದೆ. ಅದು ಎಳೆಯುವಾಗ ನಿಮ್ಮ ಗಾಡಿಯಲ್ಲಿ ಕಟ್ಟುವ ಜಾಗ ಗಟ್ಟಿ ಇರಬೇಕು. ಹುಕ್ಕನ್ನು ಬಂಪರಿಗೆ ವೆಲ್ಡ್ ಮಾಡಿಸಬೇಡಿ. ಚಾಸಿಯಲ್ಲಿ ಕಂಪನಿಯೇ ಬಿಟ್ಟ ತೂತಿಗೆ 10.9 ಗ್ರೇಡಿನ ಬೋಲ್ಟಿನಿಂದ ಬಿಗಿಸಿ, ಹಿಂದೊಂದು ಮುಂದೊಂದು. ಟ್ರ್ಯಾಕ್ಟರಿನವರು ಕೊಡುವ ಸರಪಳಿ, ತಂತಿ ಹಗ್ಗದ ಬದಲು ತೂಕ ನಮೂದಿಸಿದ ಅಗಲ ಪಟ್ಟಿ ನೀವೇ ಒಯ್ಯಿರಿ. ತಂತಿ ಹಗ್ಗ ತುಂಡಾದರೆ ಕಾಲು ಕತ್ತರಿಸುವಂತೆ ಬೀಸುತ್ತದೆ. ಎಳೆಯುವಾಗ ಸುತ್ತ ನಿಂತ ಹುಡುಗರನ್ನು ದೂರ ಕಳಿಸಿ.

ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಹಾಕಿಸಿದವರಿಗೆ ಒಂದು ಮಾತು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳದಂಥ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಇಲ್ಲಿಯವರಿಗೆ ಹೊಸತಲ್ಲ. ಹರಿಯುವ ನೀರು ಎರಡಡಿ ಇದ್ದರೆ ವ್ಯಾನನ್ನೂ ತೇಲಿಸಿ ಒಯ್ಯುತ್ತದೆ, ಎಂಜಿನ್ ಉಸಿರಾಡುತ್ತಿದ್ದರೂ ಅಷ್ಟೆ. ಬ್ಯಾರಿಕೇಡ್ ಕಂಡಲ್ಲಿ ಗಾಡಿ ತಿರುಗಿಸಿ.

ಒಳಗೆ

ತಗಡಿನ ಛಾವಣಿಯ ಕೆಳಗೆ ಮೇ ತಿಂಗಳ ಅಥಣಿಯಲ್ಲಿ ಮಲಗಲು ಎಸಿ ಬೇಕೆನಿಸುತ್ತದೆ. ಒಂದು ಟನ್ನಿನ ಎಸಿ ಒಂದು ಕಿಲೋವ್ಯಾಟಿನ ಆಸುಪಾಸು ಎಳೆಯುತ್ತದೆ. ನಿಮ್ಮ ಬ್ಯಾಟರಿ ಒಂದು ಗಂಟೆಗೆ ಕೈಚೆಲ್ಲುತ್ತದೆ. ಬದಲಿಗೆ ಛಾವಣಿಗೆ ಬಿಳಿ ಬಣ್ಣ, ಒಳಗೆ ಎಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ, ಗಾಳಿ ಹೊರಹಾಕುವ ಒಂದು ಫ್ಯಾನ್. ಹತ್ತಿ, ತೆಂಗಿನ ನಾರು, ಗೋಣಿಯಂಥವು ತಗಡಿನ ಹಿಂದೆ ಬೆವರು ಹಿಡಿದಿಟ್ಟು ತುಕ್ಕು ತರುತ್ತವೆ. ಹಾಸಿಗೆಗೆ ಮೂರು ಇಂಚಿನ ಫೋಮ್, ಅದರ ಮೇಲೆ ಮನೆಯ ಕೌದಿ. ತೊಳೆದು ಬಿಸಿಲಿಗೆ ಹಾಕಿದರೆ ಸಂಜೆಗೆ ಒಣಗುತ್ತದೆ. ಡ್ರಾಯರ್ ಬಿಗಿಯಲು ಅಥಣಿಯ ಚಪ್ಪಲಿ ಕುಶಲಿಗಳಿಂದ ಚರ್ಮದ ಪಟ್ಟಿ ಹೊಲಿಸಿಕೊಂಡರೆ ಚೆಂದವೂ ಹೌದು, ಬಾಳಿಕೆಯೂ ಹೌದು. ಮಳೆಗಾಲದಲ್ಲಿ ಬೂಸಲು ಬಾರದಂತೆ ಎಣ್ಣೆ ಸವರಬೇಕು.

ವಿದ್ಯುತ್ತಿನ ಲೆಕ್ಕ ಹೀಗೆ. 40 ಲೀಟರಿನ 12 ವೋಲ್ಟ್ ಫ್ರಿಜ್ ದಿನಕ್ಕೆ ಸುಮಾರು 400 ವ್ಯಾಟ್-ಗಂಟೆ, ಎರಡು ಫ್ಯಾನು ರಾತ್ರಿಯಿಡೀ 320, ದೀಪ ಮತ್ತು ಮೊಬೈಲು 100. ಒಟ್ಟು 820. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ, ತೂಕ 12–13 ಕಿಲೋ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಅದರ ನಾಲ್ಕು ಪಟ್ಟಿಗಿಂತ ಭಾರ, ಆಸಿಡ್ ಬೇರೆ. 200 ವ್ಯಾಟಿನ ಸೋಲಾರ್ ಒಳ್ಳೆ ಬಿಸಿಲಿನ ದಿನ 800ರಷ್ಟು ಕೊಡುತ್ತದೆ, ಆಷಾಢದ ಮೋಡದಲ್ಲಿ ಅದರ ಒಂದು ಪಾಲು ಮಾತ್ರ. ಆ ಕೊರತೆಗೆ ಆಲ್ಟರ್ನೇಟರಿನಿಂದ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇಡಿ. ಎರಡು ಗಂಟೆ ಓಡಿಸಿದರೆ 500 ತುಂಬುತ್ತದೆ. ಬೇಸಗೆಯಲ್ಲಿ ಗಾಡಿ ಬೇವಿನ ಮರದ ನೆರಳಿಗೆ, ಸೋಲಾರ್ ಬಿಸಿಲಿಗೆ ಬೇಕು. ಛಾವಣಿಗೆ ಬಿಗಿದದ್ದಕ್ಕಿಂತ ಉದ್ದ ವೈರಿನ ಮಡಚುವ ಹಾಳೆ ಈ ಜಗಳ ತೀರಿಸುತ್ತದೆ.

ವೈರು ಕಡಿಮೆ ದಪ್ಪದ್ದು ಹಾಕುವುದು ಮನೆಯ ವೈರಿಂಗಿನವರ ಅಭ್ಯಾಸ. ಐದು ಮೀಟರ್ ದೂರಕ್ಕೆ 20 ಆಂಪಿಯರ್ ಒಯ್ಯಲು 2.5 ಚ.ಮಿ.ಮೀ. ವೈರು ಹಾಕಿದರೆ ಹೋಗಿಬರುವ ದಾರಿಯಲ್ಲೇ ಒಂದೂವರೆ ವೋಲ್ಟ್ ಕರಗಿ ವೈರು ಕಾಯುತ್ತದೆ, 10 ಚ.ಮಿ.ಮೀ.ನಲ್ಲಿ ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲೇಬೇಕು.

ಅಡುಗೆ ಹಿಂದಿನ ಬಾಗಿಲು ತೆರೆದು ಹೊರಗೆ. 5 ಕಿಲೋದ ಸಿಲಿಂಡರ್ ಸಾಕು, ಅದನ್ನು ನೆಟ್ಟಗೆ ಬಿಗಿದು ಇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಸಿಲಿಂಡರಿನ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಬೇಕೇ ಬೇಕು. ಚಳಿಗೆ ಒಲೆ ಹಚ್ಚಿಟ್ಟು ಬಾಗಿಲು ಮುಚ್ಚಿ ಮಲಗುವುದು ಸಾವಿನ ದಾರಿ. ನೀರಿಗೆ ಚಿಂತೆಯಿಲ್ಲ, ಹಳ್ಳಿಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳಬಹುದು. ಹಾಗಾಗಿ ದೊಡ್ಡ ಟ್ಯಾಂಕಿಗಿಂತ ಮೂರು ಕ್ಯಾನು ವಾಸಿ.

ಮೊದಲ ಓಟ

ಕೆಲಸ ಮುಗಿದ ಮೇಲೆ ನೀರು, ಜನ, ಸಾಮಾನು ತುಂಬಿ ಅದೇ ಕಾಟಾಕ್ಕೆ ಮತ್ತೆ ಹೋಗಿ. ಹೊಸ ಚೀಟಿ ಆರ್‌ಸಿಯ ಗರಿಷ್ಠ ತೂಕಕ್ಕಿಂತ ಕೆಳಗಿರಬೇಕು. ಒಂದೊಂದು ಅಚ್ಚಿನ ತೂಕವೂ ಮಿತಿಯೊಳಗಿರಬೇಕು. ಆಮೇಲೆ ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ತವಂದಿ ಘಾಟ್ ಏರಿಸಿ: ಟೆಂಪರೇಚರ್ ಮುಳ್ಳು, ಕ್ಲಚ್ಚಿನ ವಾಸನೆ ನೋಡಿಕೊಳ್ಳಿ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಕಾಯುತ್ತದೆಯೇ ಗಮನಿಸಿ. ಎರಡನೆಯ ಓಟ ಒಣ ದಿನ ಕಬ್ಬಿನ ಹೊಲದ ದಾರಿಯಲ್ಲಿ, ಕಿವಿ ಒಳಗಿನ ಗಡಗಡಕ್ಕೆ ಇಟ್ಟು. ಸದ್ದು ಬಂದ ಕಡೆಯೇ ಮುಂದೆ ಸ್ಕ್ರೂ ಕಳಚುವುದು.

ಮೊದಲ ರಾತ್ರಿಯನ್ನು ಮನೆಯ ಹತ್ತಿರವೇ ಕಳೆಯಿರಿ. ಯಡೂರಿನಂಥ ಕ್ಷೇತ್ರದಲ್ಲಿ ದೇವಸ್ಥಾನದವರನ್ನು ಕೇಳಿ ನಿಲ್ಲಬಹುದು. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಬಿಡಾರ ಹೂಡುವ ಜನರ ನಡುವೆ ನಿಂತರೆ ಗಾಡಿಯೊಳಗೆ ಸಂಸಾರ ಜೋಡಿಸುವ ಜಾಣತನ ಪುಕ್ಕಟೆ ಕಲಿಯಲು ಸಿಗುತ್ತದೆ. ದಾಜಿಪುರ, ಆಂಬೋಲಿ ಕಡೆ ಹೋಗುವವರು ಅರಣ್ಯದೊಳಗೆ ರಾತ್ರಿ ನಿಲ್ಲಲು ಇಲಾಖೆಯ ಅನುಮತಿ ಕೇಳಿ. ನುರಿಸುವ ಹಂಗಾಮಿನಲ್ಲಿ ರಾತ್ರಿ ಓಡಿಸಲೇಬೇಡಿ. ಹಿಂಬದಿ ದೀಪವಿಲ್ಲದ ಜೋಡಿ ಟ್ರೇಲರ್ ಕಾಣುವುದು ಕೊನೆಯ ಕ್ಷಣದಲ್ಲಿ. ಮೊದಲ 500 ಕಿಲೋಮೀಟರ್ ಆದ ಮೇಲೆ ಪಾಟಾದ ಯು-ಬೋಲ್ಟು, ಎಳೆಯುವ ಹುಕ್ಕು, ತಳದ ಪ್ಲೇಟು, ಬ್ಯಾಟರಿ ತುದಿಗಳನ್ನು ಇನ್ನೊಮ್ಮೆ ಬಿಗಿಸಿ.